ಧೂಳಿಗೆ ವಕೀಲರಿಲ್ಲ

ಸಾಹಿತ್ಯ ಪತ್ರಿಕೆಯಲ್ಲಿ ಆಟದ ಬಗ್ಗೆ ಬರೆಯುವುದಾದರೆ ಕ್ರಿಕೆಟ್ಟಿನ ಬಗ್ಗೆಯೇ ಬರೆಯಬೇಕು, ಅದರಲ್ಲೂ ಐದು ದಿನದ ಕ್ರಿಕೆಟ್ಟಿನ ಬಗ್ಗೆ ಎಂಬ ಅಲಿಖಿತ ನಿಯಮವೊಂದು ನಮ್ಮಲ್ಲಿದೆ. ಹೆಚ್ಚೆಂದರೆ ಫುಟ್‌ಬಾಲ್, ಚದುರಂಗ, ಕುಸ್ತಿ. ಎಂಜಿನ್ ಇರುವ ಆಟ ಎಂದೊಡನೆ ನಾವು ಮೂಗು ಮುರಿಯುತ್ತೇವೆ. ಅದರಲ್ಲೂ ಮಣ್ಣಿನ ಮೇಲೆ, ಮೊಟ್ಟೆಯಾಕಾರದ ಸಣ್ಣ ಓಟದ ದಾರಿಯಲ್ಲಿ, ಹೋದಲ್ಲೇ ಹೋಗಿ ಬಂದಲ್ಲೇ ಬರುವ ಮೋಟಾರ್ ಸೈಕಲ್ ಮತ್ತು ಕಾರುಗಳ ಪಂದ್ಯ ಎಂದರೆ ಮುಗಿದೇಹೋಯಿತು. 'ಅದರಲ್ಲೇನಿದೆ, ಗಾಣದೆತ್ತಿನ ಹಾಗೆ ಸುತ್ತುವುದು' ಎಂದು ಓದಿಕೊಂಡವರೇ ನನಗೆ ಹೇಳಿದ್ದಾರೆ. ಕೆಂಪು ಚೆಂಡನ್ನು ಒಬ್ಬ ಎಸೆಯುವುದು, ಇನ್ನೊಬ್ಬ ಬಿಟ್ಟುಬಿಡುವುದು, ಅದನ್ನೇ ದಿನವಿಡೀ ನೋಡುವುದು ಧ್ಯಾನ. ಇದು ಮಾತ್ರ ಗಾಣ!

ಈ ಮೂಗು ಮುರಿಯುವಿಕೆ ಬರೀ ಅಭಿರುಚಿಯ ವಿಷಯ ಅಲ್ಲ ಎಂಬುದು ನನ್ನ ವಾದ. ಅದರ ಬೆಲೆಯನ್ನು ಯಾರೋ ಎಲ್ಲೋ ತೆರುತ್ತಿದ್ದಾರೆ. ಯಾವ ಆಟದ ಬೆನ್ನಿಗೆ ಒಳ್ಳೆಯ ಗದ್ಯ ಇದೆಯೋ ಅದಕ್ಕೆ ಮೈದಾನ ಉಳಿಯುತ್ತದೆ. ಗದ್ಯ ಇಲ್ಲದ ಆಟದ ಮೈದಾನ ನಿವೇಶನವಾಗುತ್ತದೆ. ಇದು ಉತ್ಪ್ರೇಕ್ಷೆ ಅನ್ನಿಸಿದರೆ ಸ್ವಲ್ಪ ತಾಳಿ. ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು ಮುಂದಿಡುತ್ತೇನೆ. ಅದಕ್ಕೂ ಮೊದಲು ಈ ಆಟ ಏನೆಂದು ಹೇಳಬೇಕು, ಏಕೆಂದರೆ ಗೊತ್ತಿಲ್ಲದ್ದನ್ನು ಗಾಣ ಎನ್ನುವುದು ಬಹಳ ಸುಲಭ.

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇಲ್ಲ. ಗೇರ್ ಒಂದೇ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಕುಡಿಯುವುದು ಮೆಥನಾಲ್. ನಾಲ್ವರು ಸವಾರರು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ಸುಮಾರು ಒಂದು ನಿಮಿಷದಲ್ಲಿ ಒಂದು ಓಟ ಮುಗಿಯುತ್ತದೆ. ಗೆದ್ದವನಿಗೆ ಮೂರು ಅಂಕ, ಆಮೇಲಿನವರಿಗೆ ಎರಡು ಮತ್ತು ಒಂದು, ಕೊನೆಯವನಿಗೆ ಸೊನ್ನೆ. ತಿರುವಿನಲ್ಲಿ ಸವಾರ ಬೈಕನ್ನು ತಿರುಗಿಸುವುದಿಲ್ಲ, ಜಾರಿಸುತ್ತಾನೆ. ಹಿಂದಿನ ಚಕ್ರ ಹಿಡಿತ ತಪ್ಪಿ ಹೊರಕ್ಕೆ ಓಡುತ್ತದೆ, ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ, ಬೈಕು ಎಡಕ್ಕೆ ಹೋಗುತ್ತದೆ. ಉಕ್ಕಿನ ಅಟ್ಟೆ ತೊಟ್ಟ ಎಡಗಾಲು ನೆಲವನ್ನು ಸವರುತ್ತಾ ಸಾಗುತ್ತದೆ. ಹೆದರಿ ಥ್ರಾಟಲ್ ಮುಚ್ಚಿದರೆ ಹಿಂದಿನ ಚಕ್ರ ಥಟ್ಟನೆ ನೆಲ ಕಚ್ಚಿಕೊಂಡು ಸವಾರನನ್ನೇ ಎತ್ತಿ ಎಸೆಯಬಹುದು. ಅಂದರೆ ಅಪಾಯದ ಕ್ಷಣದಲ್ಲಿ ಮೈ ಏನನ್ನು ಮಾಡೆನ್ನುತ್ತದೋ ಅದಕ್ಕೆ ವಿರುದ್ಧವಾದದ್ದನ್ನು ಮಾಡಲು ಕಲಿಯುವುದೇ ಈ ವಿದ್ಯೆ. ಇದನ್ನು ಗಾಣ ಎನ್ನುವವರು ಎತ್ತಿನ ಬಗ್ಗೆಯೂ ತಿಳಿದವರಲ್ಲ.

ಕಾರುಗಳ ಲೋಕವೂ ಇದಕ್ಕೆ ದಾಯಾದಿಯೇ. ಅಮೆರಿಕದ ಸ್ಪ್ರಿಂಟ್ ಕಾರಿಗೆ ಸ್ಟಾರ್ಟರ್ ಇಲ್ಲ, ಇನ್ನೊಂದು ಗಾಡಿ ಹಿಂದಿನಿಂದ ತಳ್ಳಿ ಹೊರಡಿಸಬೇಕು. ಎಡಕ್ಕೆ ತಿರುಗುವುದೊಂದೇ ಕೆಲಸವಾದ್ದರಿಂದ ಹಿಂದಿನ ಬಲಚಕ್ರ ಎಡಚಕ್ರಕ್ಕಿಂತ ದೊಡ್ಡದು. ಅಯೋವಾದ ನಾಕ್ಸ್‌ವಿಲ್, ಓಹಾಯೋದ ರಾಸ್‌ಬರ್ಗ್‌ನಂಥ ಊರುಗಳನ್ನು ಹೊರಗಿನವರು ಗುರುತಿಸುವುದೇ ಅಲ್ಲಿನ ಮಣ್ಣಿನ ಟ್ರ್ಯಾಕಿನಿಂದ. ಇಂಗ್ಲೆಂಡಿನಲ್ಲಿ ಗುಜರಿಗೆ ಹೋಗಬೇಕಾದ ಹಳೆಯ ಕಾರುಗಳನ್ನು ವಾರವಿಡೀ ಗ್ಯಾರೇಜಿನಲ್ಲಿ ಬಡಿದು ಸರಿಮಾಡಿ, ವಾರಾಂತ್ಯದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಸಿ ಓಡಿಸುವ ಬ್ಯಾಂಗರ್ ರೇಸಿಂಗ್ ಇದೆ. ಅಲ್ಲಿ ಓಡಿಸುವವನೇ ಬಹಳ ಸಲ ಮೆಕ್ಯಾನಿಕ್, ಅವನೇ ಮಾಲೀಕ, ಗೋಡೆಗೆ ಗುದ್ದಿದರೆ ಮುಂದಿನ ವಾರದ ಕೆಲಸವೂ ಅವನದೇ.

ಓದಿನ ಸಲುವಾಗಿ ಇಂಗ್ಲೆಂಡಿನಲ್ಲಿದ್ದ ಒಂದು ವರ್ಷ ನಾನು ವುಲ್ವರ್‌ಹ್ಯಾಂಪ್ಟನ್ನಿನ ಮಾನ್ಮೋರ್ ಗ್ರೀನಿಗೆ ಸೋಮವಾರದ ಸಂಜೆಗಳಲ್ಲಿ ಕೆಲವು ಸಲ ಹೋಗಿದ್ದೆ. ಅಲ್ಲಿ ನನ್ನನ್ನು ಹಿಡಿದಿಟ್ಟದ್ದು ವೇಗಕ್ಕಿಂತ ಹೆಚ್ಚಾಗಿ ಜನರ ಕೈಯಲ್ಲಿದ್ದ ಪೆನ್ಸಿಲ್. ಅಜ್ಜಿಯರು, ಮೊಮ್ಮಕ್ಕಳು, ಕೆಲಸ ಮುಗಿಸಿ ಬಂದವರು, ಎಲ್ಲರ ಕೈಯಲ್ಲೂ ಒಂದು ಹಾಳೆ. ಪ್ರತಿ ಓಟ ಮುಗಿದಂತೆ ಅಂಕಗಳನ್ನು ತಾವೇ ಬರೆದುಕೊಳ್ಳುತ್ತಾರೆ. ನಡುವೆ ಟ್ರ್ಯಾಕ್ಟರ್ ಬಂದು ಮಣ್ಣನ್ನು ಸಮ ಮಾಡಿ ಹೋಗುತ್ತದೆ. ಗಾಳಿಯಲ್ಲಿ ಮೆಥನಾಲಿನ ಜೊತೆಗೆ ಹರಳೆಣ್ಣೆಯ ವಾಸನೆ. ಹೌದು, ನಮ್ಮ ಹರಳೆಣ್ಣೆಯೇ. ಮೆಥನಾಲಿನಲ್ಲಿ ಓಡುವ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿ ಹಳೆಯ ಕಾಲದಿಂದ ಬಂದದ್ದು ಅದು. ನಮ್ಮ ಕಡೆಯ ಸಂತೆಗೂ ಜಾತ್ರೆಗೂ ಒಂದು ಲಯ ಇರುತ್ತದಲ್ಲ, ಅಂಥದೇ ಲಯ ಅಲ್ಲಿತ್ತು. ಕಾರ್ಖಾನೆ ಊರಿನ ವಾರದ ಜಾತ್ರೆ ಅದು. 2023ರ ಕೊನೆಗೆ ಅಲ್ಲಿ ಸ್ಪೀಡ್‌ವೇ ನಿಂತುಹೋಯಿತು.

ಈಗ ಮೊಕದ್ದಮೆಗಳಿಗೆ ಬರೋಣ.

ಮೊದಲನೆಯದು 1977ರದು. ಡರಮ್ ಕೌಂಟಿಯ ಲಿಂಟ್ಸ್ ಎಂಬ ಹಳ್ಳಿಯಲ್ಲಿ ಸುಮಾರು ಎಪ್ಪತ್ತು ವರ್ಷಗಳಿಂದ ಕ್ರಿಕೆಟ್ ಆಡುತ್ತಿದ್ದ ಮೈದಾನ. ಅದರ ಅಂಚಿಗೆ 1972ರ ಹೊತ್ತಿಗೆ ಹೊಸ ಮನೆಗಳು ಎದ್ದವು. ಕೊಂಡವರ ಹಿತ್ತಲಿಗೆ, ಹೆಂಚಿಗೆ ಚೆಂಡು ಬೀಳತೊಡಗಿತು. ಅವರು ನ್ಯಾಯಾಲಯಕ್ಕೆ ಹೋದರು. ಮೇಲ್ಮನವಿ ನ್ಯಾಯಾಲಯದ ಮೂವರಲ್ಲಿ ಇಬ್ಬರು ಇದು ನೆರೆಯವರಿಗೆ ಉಪದ್ರವ ಹೌದು ಎಂದರು. ಆದರೂ ಆಟ ನಿಲ್ಲಿಸುವ ತಡೆಯಾಜ್ಞೆ ಸಿಗಲಿಲ್ಲ. ಕ್ಲಬ್ಬು 400 ಪೌಂಡ್ ಪರಿಹಾರ ಕೊಟ್ಟು ಆಟ ಮುಂದುವರಿಸಲಿ ಎಂಬಲ್ಲಿಗೆ ತೀರ್ಮಾನವಾಯಿತು. ಈ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳಿಗೆ ನೆನಪಿರುವುದು ಲಾರ್ಡ್ ಡೆನ್ನಿಂಗ್ ಬರೆದ ಭಾಗದಿಂದ. ಬೇಸಿಗೆಯಲ್ಲಿ ಹಳ್ಳಿಯ ಕ್ರಿಕೆಟ್ ಎಲ್ಲರಿಗೂ ಎಂಥ ಆನಂದ ಎಂಬಲ್ಲಿಂದ ಅವರು ಶುರುಮಾಡುತ್ತಾರೆ. ಹುಡುಗರು ಆಡುವುದು, ಮುದುಕರು ಕೂತು ನೋಡುವುದು, ಹಸಿರು ಹುಲ್ಲು, ಎಲ್ಲವೂ ಅಲ್ಲಿದೆ. ತೀರ್ಪನ್ನು ಓದುತ್ತಿದ್ದೇವೋ ಪ್ರಬಂಧವನ್ನೋ ಎಂದು ಅನುಮಾನವಾಗುವಷ್ಟು ಚೆನ್ನಾಗಿದೆ.

ಎರಡನೆಯದು 2014ರದು, ದೇಶದ ಸರ್ವೋಚ್ಚ ನ್ಯಾಯಾಲಯದ್ದು. ಸಫೋಕ್‌ನ ಮಿಲ್ಡನ್‌ಹಾಲ್ ಬಳಿ ಬಯಲಿನ ನಡುವೆ ಒಂದು ಕ್ರೀಡಾಂಗಣ. 1975ರಲ್ಲಿ ಸ್ಪೀಡ್‌ವೇಗೆ ಅನುಮತಿ ಪಡೆದು ಶುರುವಾದದ್ದು. ಎಂಬತ್ತರ ದಶಕದಿಂದ ಸ್ಟಾಕ್ ಕಾರ್, ಬ್ಯಾಂಗರ್ ಓಟಗಳೂ ಸೇರಿದವು. 1992ರಲ್ಲಿ ಹಿಂಬದಿಯಲ್ಲಿ ಮೋಟೋಕ್ರಾಸ್ ಟ್ರ್ಯಾಕ್ ಬಂತು. 2006ರಲ್ಲಿ ಇಬ್ಬರು ಅಲ್ಲಿಂದ ಅರ್ಧ ಕಿಲೋಮೀಟರಿಗಿಂತ ತುಸು ದೂರದಲ್ಲಿದ್ದ ಮನೆಯೊಂದನ್ನು ಕೊಂಡರು. ಸದ್ದಿನ ದೂರು, ಮೊಕದ್ದಮೆ. 2010ರಲ್ಲಿ ಆ ಮನೆಗೆ ಬೆಂಕಿ ಬಿದ್ದು ಅವರು ಹೊರಹೋಗಬೇಕಾಯಿತು; ಮೊಕದ್ದಮೆ ಮಾತ್ರ ನಿಲ್ಲಲಿಲ್ಲ. ಮೊದಲ ಹಂತದಲ್ಲಿ ಸದ್ದಿಗೆ ಮಿತಿ ಹೇರುವ ತಡೆಯಾಜ್ಞೆ, ಮೇಲ್ಮನವಿಯಲ್ಲಿ ಅದು ರದ್ದು, ಸರ್ವೋಚ್ಚ ನ್ಯಾಯಾಲಯದಲ್ಲಿ ಮತ್ತೆ ಊರ್ಜಿತ. ಸದ್ದು ಅಲ್ಲಿದೆ ಎಂದು ಗೊತ್ತಿದ್ದೂ ಬಂದಿರಲ್ಲ ಎಂಬ ಮಾತು ಪ್ರತಿವಾದಿಗೆ ರಕ್ಷಣೆಯಲ್ಲ ಎಂಬ ಹಳೆಯ ತತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮನೆಯ ಬೆಲೆಯಲ್ಲಿ ಆದ ನಷ್ಟ ಹೆಚ್ಚೆಂದರೆ 74,000 ಪೌಂಡ್. ವಿಚಾರಣೆಯ ಮೂಲ ಖರ್ಚೇ ಸುಮಾರು ನಾಲ್ಕು ಲಕ್ಷ ಪೌಂಡ್. ಇಂಥ ಲೆಕ್ಕದ ಬಗ್ಗೆ ನ್ಯಾಯಾಧೀಶರೇ ಆತಂಕ ತೋರಿದರು.

ಕಾನೂನು ಬಲ್ಲವರು ಇಲ್ಲಿ ನನ್ನನ್ನು ತಡೆಯುತ್ತಾರೆ. ಚೆಂಡು ಯಾವಾಗಲೋ ಒಮ್ಮೆ ಬೀಳುತ್ತದೆ, ಎಂಜಿನ್ನು ಸಂಜೆಯಿಡೀ ಕೂಗುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಎನ್ನುತ್ತಾರೆ. ಲಿಂಟ್ಸ್ ತೀರ್ಪನ್ನು ಆಮೇಲಿನ ನ್ಯಾಯಾಲಯಗಳು ಅಷ್ಟಾಗಿ ಮೆಚ್ಚಿಲ್ಲ ಎಂದೂ ಹೇಳುತ್ತಾರೆ. ಎರಡೂ ನಿಜ. 2014ರ ತೀರ್ಪು ಕಾನೂನಿನ ಲೆಕ್ಕದಲ್ಲಿ ತಪ್ಪೆಂದು ನಾನು ಹೇಳುತ್ತಿಲ್ಲ. ತಡೆಯಾಜ್ಞೆಯ ಬದಲು ಪರಿಹಾರ ಕೊಡಿಸುವ ದಾರಿಯನ್ನು ಹಿಂದಿಗಿಂತ ಅಗಲ ಮಾಡಿದ್ದೂ ಅದೇ ತೀರ್ಪು. ನನ್ನ ಪ್ರಶ್ನೆ ಬೇರೆ. ಆ ಮೆಚ್ಚುಗೆ ಪಡೆಯದ ತೀರ್ಪು ಬಂದ ಮೂರೇ ವರ್ಷಕ್ಕೆ, 1980ರಲ್ಲಿ, ಸರೋವರವೊಂದರ ಮೋಟಾರ್ ದೋಣಿ ಓಟದ ಮೊಕದ್ದಮೆ ಅದೇ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಅಲ್ಲಿಯೂ ದೋಣಿಗಳು ಮೊದಲು, ಮನೆ ಆಮೇಲೆ. ಈ ಸಲ ಪಂದ್ಯಗಳ ಸಂಖ್ಯೆಗೂ ಸದ್ದಿಗೂ ಕಟ್ಟುನಿಟ್ಟಿನ ಮಿತಿ ಹಾಕುವ ಆಜ್ಞೆಯೇ ಹೊರಟಿತು. ಮೂರು ಆಟಗಳು, ಮೂರರಲ್ಲೂ ಆಟ ಮೊದಲು, ದೂರುದಾರ ಆಮೇಲೆ. ಬೇಸಿಗೆಯ ಸಂಜೆಯ ವರ್ಣನೆ ದಕ್ಕಿದ್ದು ಒಂದಕ್ಕೆ ಮಾತ್ರ.

ಏಕೆ? ಡೆನ್ನಿಂಗ್ ಆ ವಾಕ್ಯಗಳನ್ನು ಶೂನ್ಯದಿಂದ ತೆಗೆಯಲಿಲ್ಲ. ಅವರ ಹಿಂದೆ ಕ್ರಿಕೆಟ್ ಗದ್ಯದ ಒಂದು ಇಡೀ ಪರಂಪರೆ ನಿಂತಿತ್ತು. ನೆವಿಲ್ ಕಾರ್ಡಸ್ ದಿನಪತ್ರಿಕೆಯ ವರದಿಯನ್ನೇ ಸಾಹಿತ್ಯ ಮಾಡಿದ್ದರು. ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ 'ಬಿಯಾಂಡ್ ಎ ಬೌಂಡರಿ' ಬರೆದು ಕ್ರಿಕೆಟ್ಟನ್ನು ವಸಾಹತು ಚರಿತ್ರೆಯ ನಡುಮಧ್ಯಕ್ಕೆ ತಂದಿದ್ದರು. ಹಳ್ಳಿಯ ಮೈದಾನ ಎಂದರೆ ಓದಿದ ಯಾವ ಇಂಗ್ಲಿಷಿನವನ ಕಣ್ಣಮುಂದೆಯೂ ಸಿದ್ಧ ಚಿತ್ರವೊಂದು ನಿಲ್ಲುತ್ತಿತ್ತು. ನ್ಯಾಯಾಧೀಶರು ಮಾಡಬೇಕಾದದ್ದು ಅದನ್ನು ಕರೆಯುವುದಷ್ಟೆ. ಮಿಲ್ಡನ್‌ಹಾಲ್ ಪರ ವಾದಿಸುವವನು ಯಾವ ಚಿತ್ರವನ್ನು ಕರೆಯಬೇಕಿತ್ತು? ಅವನ ಹತ್ತಿರ ಇದ್ದದ್ದು ಡೆಸಿಬೆಲ್ಲಿನ ಪಟ್ಟಿ. ಪಟ್ಟಿಯನ್ನು ಪಟ್ಟಿಯಿಂದ ಅಳೆಯಬಹುದು. ಚಿತ್ರವನ್ನು ಹಾಗೆ ಅಳೆಯಲು ಬರುವುದಿಲ್ಲ.

ಸ್ಪೀಡ್‌ವೇ ಬಗ್ಗೆ ಸಾಹಿತ್ಯ ಹುಟ್ಟಲೇ ಇಲ್ಲ ಎಂದಲ್ಲ. ಬೆಂಜಮಿನ್ ಬ್ರಿಟನ್ನಿನ 'ಪೀಟರ್ ಗ್ರೈಮ್ಸ್' ಸಂಗೀತನಾಟಕಕ್ಕೆ ಸಾಹಿತ್ಯ ಬರೆದ ಮಾಂಟೆಗು ಸ್ಲೇಟರ್ ಎಂಬ ಎಡಪಂಥೀಯ ಲೇಖಕ ಸ್ಪೀಡ್‌ವೇ ಸವಾರನನ್ನು ನಾಯಕನಾಗಿಟ್ಟು 'ಒನ್ಸ್ ಎ ಜಾಲಿ ಸ್ವ್ಯಾಗ್‌ಮನ್' ಎಂಬ ಕಾದಂಬರಿ ಬರೆದ. 1949ರಲ್ಲಿ ಅದು ಡರ್ಕ್ ಬೊಗಾರ್ಡ್ ನಟಿಸಿದ ಸಿನಿಮಾ ಆಯಿತು. ಇಂದು 'ಪೀಟರ್ ಗ್ರೈಮ್ಸ್' ಹೆಸರು ಹೇಳುವವರು ಸಿಗುತ್ತಾರೆ. ಆ ಕಾದಂಬರಿಯ ಹೆಸರು ಹೇಳುವವರು ನನಗೆ ಸಾಹಿತ್ಯದ ತರಗತಿಗಳಲ್ಲಿ ಸಿಕ್ಕಿಲ್ಲ.

ಗದ್ಯ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 1965ರಲ್ಲಿ ಟಾಮ್ ವುಲ್ಫ್ 'ಎಸ್ಕ್ವೈರ್' ಪತ್ರಿಕೆಯಲ್ಲಿ ಜೂನಿಯರ್ ಜಾನ್ಸನ್ ಬಗ್ಗೆ ಒಂದು ದೀರ್ಘ ಬರಹ ಬರೆದ. ಜಾನ್ಸನ್ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಾ ಕಾರು ಓಡಿಸುವುದನ್ನು ಕಲಿತವನು, ಮಣ್ಣಿನ ಟ್ರ್ಯಾಕುಗಳಲ್ಲಿ ಬೆಳೆದವನು, ಜೈಲಿಗೂ ಹೋಗಿಬಂದವನು. ವುಲ್ಫ್ ಅವನನ್ನು ಅಮೆರಿಕದ ಕೊನೆಯ ನಾಯಕ ಎಂದು ಕರೆದ. 1986ರಲ್ಲಿ ರಾಷ್ಟ್ರಾಧ್ಯಕ್ಷ ರೇಗನ್ ಅವನ ಹಳೆಯ ಶಿಕ್ಷೆಗೆ ಕ್ಷಮಾದಾನ ಕೊಟ್ಟರು. ಬರಹದಿಂದಲೇ ಕ್ಷಮೆ ಸಿಕ್ಕಿತು ಎಂದು ನಾನು ಹೇಳಲಾರೆ. ಆದರೆ ಕ್ಷಮಿಸುವ ಹೊತ್ತಿಗೆ ದೇಶಕ್ಕೆ ಆ ಮನುಷ್ಯನ ಕತೆ ಗೊತ್ತಿತ್ತು. ಹೆಸರಿಲ್ಲದ ನೂರಾರು ಕಳ್ಳಭಟ್ಟಿ ಸಾಗಣೆಗಾರರ ಕತೆ ಯಾರಿಗೂ ಗೊತ್ತಿರಲಿಲ್ಲ.

ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ವಾದ 'ಸಹಜ ಸಾವಿ'ನದು. ಕಾಲ ಬದಲಾಯಿತು, ಜನ ಬರುವುದು ನಿಂತಿತು, ಆಟ ಸತ್ತಿತು, ಅಳುವುದೇನಿದೆ ಎಂಬ ವಾದ. ಬ್ರಿಟನ್ನಿನಲ್ಲಿ ಪ್ರೇಕ್ಷಕರು ಕಡಿಮೆಯಾದದ್ದು ನಿಜ. ಆದರೆ 1981ರಲ್ಲಿ ವೆಂಬ್ಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನೋಡಲು ತೊಂಬತ್ತು ಸಾವಿರದಷ್ಟು ಜನ ಸೇರಿದ್ದರು. ಆಸಕ್ತಿ ಕರಗಿದ್ದು ಒಂದು ಕಾರಣವಾದರೆ ಕಾಲಡಿಯ ನೆಲ ತಮ್ಮದಲ್ಲದ್ದು ಇನ್ನೊಂದು. ಬಹುಪಾಲು ತಂಡಗಳು ಬಾಡಿಗೆ ಮೈದಾನದಲ್ಲಿ, ನಾಯಿ ಓಟದವರ ಜೊತೆ ಹಂಚಿಕೊಂಡು ಬದುಕಿದವು. ನಗರ ಬೆಳೆದಂತೆ ನೆಲದ ಬೆಲೆ ಏರಿತು. ಬಾಡಿಗೆ ಕರಾರು ಮುಗಿದ ದಿನ ಆಟವೂ ಮುಗಿಯಿತು. ಬಾಡಿಗೆದಾರನನ್ನು ಹೊರಹಾಕಿ, ಅವನು ಮನೆಯಲ್ಲಿ ಇರಲಾರದೆ ಹೋದ ಎಂದು ಬರೆದುಕೊಳ್ಳುವುದಕ್ಕೆ ಸಹಜ ಸಾವು ಎನ್ನಲಾಗದು.

ಲಂಡನ್ನಿನ ಪೂರ್ವಭಾಗವನ್ನು ನೋಡಿ. ಕಸ್ಟಮ್ ಹೌಸ್ ಬಡಾವಣೆಯಲ್ಲಿದ್ದ ವೆಸ್ಟ್ ಹ್ಯಾಮ್ ಕ್ರೀಡಾಂಗಣ ಹಡಗುಕಟ್ಟೆಯ ಕೂಲಿಗಳ ಸ್ಪೀಡ್‌ವೇ ಮನೆಯಾಗಿತ್ತು. 1972ರಲ್ಲಿ ಅದನ್ನು ಕೆಡವಿ ಮನೆಗಳನ್ನು ಕಟ್ಟಿದರು. ಅಲ್ಲಿನ ಬೀದಿಗಳಿಗೆ ಯಂಗ್, ವಿಲ್ಕಿನ್ಸನ್, ಅಟ್ಕಿನ್ಸನ್, ಕ್ರೂಂಬ್ಸ್, ಹಾಸ್ಕಿನ್ಸ್ ಎಂದು ಹೆಸರಿಟ್ಟರು. ಅವರಲ್ಲಿ ಜಾಕ್ ಯಂಗ್ ಎರಡು ಸಲದ ವಿಶ್ವ ಚಾಂಪಿಯನ್, ಬ್ಲೂಯಿ ವಿಲ್ಕಿನ್ಸನ್ 1938ರ ಚಾಂಪಿಯನ್. ಜಾನಿ ಹಾಸ್ಕಿನ್ಸ್ 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್ಲಂಡಿನ ಜಾತ್ರೆ ಮೈದಾನದಲ್ಲಿ ದೀಪದ ಬೆಳಕಿನಲ್ಲಿ ಬೈಕುಗಳನ್ನು ಓಡಿಸಿ ಈ ಆಟಕ್ಕೆ ಜನ ಸೇರಿಸಿದವನು. ಇನ್ನೊಂದು ಮೈದಾನ ಹ್ಯಾಕ್ನಿ ವಿಕ್. ಅದು ನೆಲಸಮವಾದ ಜಾಗದಲ್ಲಿ 2012ರ ಒಲಿಂಪಿಕ್ಸಿನ ಮಾಧ್ಯಮ ಕೇಂದ್ರ ಎದ್ದಿತು. ಜಗತ್ತಿನ ಕ್ರೀಡಾ ವರದಿಗಾರರೆಲ್ಲ ಕೂತು ಬರೆದ ಆ ನೆಲದಲ್ಲಿ ಯಾವ ಆಟವಿತ್ತು ಎಂದು ಎಷ್ಟು ಮಂದಿ ಬರೆದಿರಬಹುದು?

ಪೋಲೆಂಡಿಗೆ ಬಂದರೆ 'ಸಹಜ ಸಾವಿ'ನ ವಾದ ಕುಸಿಯುತ್ತದೆ. ಅದೇ ಬೈಕು, ಅದೇ ಸದ್ದು, ಅದೇ ಎಡತಿರುವು. ಆದರೆ ಲೆಷ್ನೊ, ಗೊಜೂಫ್, ಝೆಲೋನಾ ಗೂರಾದಂಥ ಮಧ್ಯಮ ಗಾತ್ರದ ಊರುಗಳಲ್ಲಿ ಸ್ಪೀಡ್‌ವೇಯೇ ಊರಿನ ದೊಡ್ಡ ಆಟ. ಟೊರೂನ್ ನಗರದಲ್ಲಿ 2009ರಲ್ಲಿ ಈ ಆಟಕ್ಕೆಂದೇ ಹೊಸ ಕ್ರೀಡಾಂಗಣ ತೆರೆಯಿತು. ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ತಾತ್ಕಾಲಿಕ ಮಣ್ಣಿನ ಟ್ರ್ಯಾಕ್ ಹಾಸಿ ಹತ್ತಾರು ಸಾವಿರ ಜನರ ಮುಂದೆ ಗ್ರ್ಯಾನ್ ಪ್ರಿ ನಡೆಸಿದರು. ಬಾರ್ಟೋಷ್ ಜ್ಮಾರ್ಜ್‌ಲಿಕ್ ಅಲ್ಲಿ ಮನೆಮಾತು. ಪೋಲಿಷರ ಕಿವಿ ಬೇರೆಯದೇನಲ್ಲ. ಅಲ್ಲಿ ಊರು ಇದನ್ನು ತನ್ನದು ಎಂದುಕೊಂಡಿದೆ, ಕ್ರೀಡಾಂಗಣಕ್ಕೆ ನಗರಸಭೆ ಹಣ ಹಾಕುತ್ತದೆ, ನೆಲ ಬಿಲ್ಡರ್ ಕೈಗೆ ಸುಲಭಕ್ಕೆ ಸಿಗುವುದಿಲ್ಲ. 'ನಮ್ಮದು' ಎಂದು ಹೇಳಿಕೊಳ್ಳಲು ಒಂದು ಭಾಷೆ ಬೇಕು, ಆ ಭಾಷೆ ಅಲ್ಲಿದೆ.

ಇದು ನಮಗೆ ದೂರದ ಪಾಠವೂ ಅಲ್ಲ. ಕಂಬಳದ ವಿಷಯದಲ್ಲಿ ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟಿನ ಜೊತೆಗೆ ಅದನ್ನೂ ಎತ್ತಿಹಿಡಿಯಿತು. ಕೋಣಗಳ ಪರ ಅಥವಾ ವಿರುದ್ಧ ವಾದಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಆ ವಾದದಲ್ಲಿ 'ಸಂಸ್ಕೃತಿ' ಎಂಬ ಪದ ಹೊತ್ತ ಭಾರವನ್ನು ಗಮನಿಸಿ ಎನ್ನುತ್ತಿದ್ದೇನೆ. ಆ ಪದ ತಾನಾಗಿ ಬಂದು ಯಾರ ತಲೆಯ ಮೇಲೂ ಕೂರುವುದಿಲ್ಲ. ಹಾಡಿ, ಬರೆದು, ಹೇಳಿ, ತಲೆಮಾರುಗಳು ಕೂರಿಸಬೇಕು.

ಇನ್ನು ಆಕ್ಷೇಪಗಳು. ಸದ್ದು ನಿಜವಾದ ತೊಂದರೆ. ಕಾಯಿಲೆ ಬಿದ್ದವರಿಗೆ, ಹಸುಗೂಸಿಗೆ ನಾನು ಸೌಂದರ್ಯಶಾಸ್ತ್ರ ಬೋಧಿಸಲಾರೆ. ಆದ್ದರಿಂದಲೇ ವಾರಕ್ಕೆ ಒಂದು ಸಂಜೆ, ಗಡಿಯಾರದ ಮಿತಿ, ಸೈಲೆನ್ಸರ್ ನಿಯಮ, ಎಲ್ಲವೂ ಇರಲಿ. ಆದರೆ ಆಟಕ್ಕೆ ಹಾಕುವ ಮಿತಿ ಬೇರೆ, ಆಟದ ಹೊಟ್ಟೆಗೆ ಹೊಡೆಯುವುದು ಬೇರೆ. ಆಟ ಅಪಾಯಕಾರಿ ಎನ್ನುತ್ತಾರೆ. ಹೌದು, ಸವಾರರು ಸತ್ತಿದ್ದಾರೆ, ಬೆನ್ನುಮೂಳೆ ಮುರಿದುಕೊಂಡಿದ್ದಾರೆ. ಅದನ್ನು ಮುಚ್ಚಿಟ್ಟು ಹೊಗಳುವ ಬರಹ ನನಗೂ ಬೇಡ. ಹಾಗೆಯೇ ಈ ಆಟದ ಅನ್ಯಾಯಗಳನ್ನೂ ಬರೆಯಬೇಕು. ಇಪ್ಪತ್ತರ ದಶಕದ ಕೊನೆಯಲ್ಲಿ ಗಂಡಸರನ್ನೇ ಸೋಲಿಸುತ್ತಿದ್ದ ಐರ್ಲೆಂಡಿನ ಫೇ ಟೇಲರ್‌ಳಂಥ ಸವಾರಿಣಿಯರನ್ನು 1930ರಲ್ಲಿ ಬ್ರಿಟನ್ನಿನ ಟ್ರ್ಯಾಕುಗಳಿಂದ ಹೊರಹಾಕಿದರು. ಆಕೆ ಕಾರು ಓಟಕ್ಕೆ ಹೋದಳು. ಮುಂದೆ ಫ್ಯಾಸಿಸ್ಟರ ಜೊತೆ ಸೇರಿ ಯುದ್ಧಕಾಲದಲ್ಲಿ ಬಂಧನದಲ್ಲೂ ಇದ್ದಳು. ಇಷ್ಟು ಸಿಕ್ಕುಸಿಕ್ಕಾದ ಒಂದು ಬದುಕು ಬೇರೆ ಯಾವ ರಂಗದಲ್ಲಿ ಸಿಕ್ಕಿದ್ದರೂ ಕಾದಂಬರಿಕಾರರು ಮುಗಿಬೀಳುತ್ತಿದ್ದರು.

ಮಾತಿನಿಂದ ನಿಯಮ ಬದಲಾಗುವುದಿಲ್ಲ ಎಂದು ನಂಬುವವರಿಗೆ ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ ಸಣ್ಣ ಸಂಗೀತ ಸಭಾಂಗಣಗಳೂ ಹೀಗೆಯೇ ಹೊಸ ಮನೆಗಳ ದೂರಿಗೆ ಬಲಿಯಾಗುತ್ತಿದ್ದವು. ಸಂಗೀತಗಾರರು ಸುಮ್ಮನಿರಲಿಲ್ಲ, ಬರೆದರು, ಚಳವಳಿ ಕಟ್ಟಿದರು. 2018ರಲ್ಲಿ ರಾಷ್ಟ್ರೀಯ ಯೋಜನಾ ನೀತಿಯೊಳಗೆ ಹೊಸ ಮಾತೊಂದು ಸೇರಿತು. ಮೊದಲೇ ಇದ್ದ ಜಾಗದ ಪಕ್ಕಕ್ಕೆ ಹೊಸದಾಗಿ ಕಟ್ಟುವವನೇ ಸದ್ದಿನಿಂದ ರಕ್ಷಣೆಯ ಏರ್ಪಾಡು ಮಾಡಿಕೊಳ್ಳಬೇಕು ಎಂಬುದು ಅದರ ತಿರುಳು. ಆ ಪಟ್ಟಿಯಲ್ಲಿ ಸಂಗೀತ ಸಭಾಂಗಣದ ಜೊತೆಗೆ ಕ್ರೀಡಾ ಕ್ಲಬ್ಬುಗಳ ಹೆಸರೂ ಇದೆ. ಗಿಟಾರಿನವರು ತೆರೆಸಿದ ಬಾಗಿಲಲ್ಲಿ ಬೈಕಿನವರಿಗೂ ಒಂದಿಷ್ಟು ಜಾಗ ಸಿಕ್ಕಿತು. ಹಲವು ಮೈದಾನಗಳ ಪಾಲಿಗೆ ಅದು ತಡವಾಗಿ ಬಂತು.

ಆದ್ದರಿಂದ ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಒತ್ತಾಯ. ಸ್ಪೀಡ್‌ವೇ ಅಭಿಮಾನಿಗಳಾಗಿ ಎಂದು ನಾನು ಕೇಳುತ್ತಿಲ್ಲ. ಗದ್ದಲದ, ಎಣ್ಣೆ ಮೆತ್ತಿದ, ಅಭಿರುಚಿಯವರು ಮೂಗು ಮುಚ್ಚಿಕೊಳ್ಳುವ ಜಾಗವೊಂದು ನಿಮ್ಮೂರಿನಲ್ಲೂ ಇರುತ್ತದೆ. ಅಲ್ಲಿಗೆ ಹೋಗಿ. ಅಲ್ಲಿನವರು ಯಾವ ಪದಗಳಲ್ಲಿ ತಮ್ಮ ಕೆಲಸವನ್ನು ಹೇಳಿಕೊಳ್ಳುತ್ತಾರೆ, ಏನನ್ನು ಸೊಗಸು ಎನ್ನುತ್ತಾರೆ, ಯಾವುದಕ್ಕೆ ನಾಚುತ್ತಾರೆ, ಬರೆದುಕೊಳ್ಳಿ. ಮುಚ್ಚಿದ ಮೇಲೆ ಶ್ರದ್ಧಾಂಜಲಿ ಬರೆಯಲು ಎಲ್ಲರಿಗೂ ಬರುತ್ತದೆ. ನಾನು ಮೇಲೆ ಬರೆದದ್ದರಲ್ಲೂ ಅರ್ಧ ಅಂಥದೇ. ಬಾಗಿಲು ತೆರೆದಿರುವಾಗ ಬರೆದದ್ದಕ್ಕೆ ಮಾತ್ರ ನ್ಯಾಯಾಲಯದಲ್ಲೂ ನಗರಸಭೆಯಲ್ಲೂ ಸಾಕ್ಷಿ ನುಡಿಯುವ ಶಕ್ತಿ ಇರುತ್ತದೆ.